ಮನೆ ಮಾರುವ ಮುನ್ನ ಮಾಳಿಗೆ ನೋಡಿ, ಟೈಲ್ಸ್ ಅಲ್ಲ

ಭಂಕೂರ, ಶಹಾಬಾದ್, ವಾಡಿ ಕಡೆ ಮನೆ ಮಾರಲು ಹೊರಟವರ ಪ್ರಶ್ನೆ ಒಂದೇ: ಇದ್ದ ಹಾಗೇ ಕೊಡೋದಾ, ರಿಪೇರಿ ಮಾಡಿಸಿ ಕೊಡೋದಾ? ಸೋರುವುದನ್ನು ನೀವು ಸರಿಮಾಡಿಸಿ, ಸಿಂಗಾರವನ್ನು ಕೊಳ್ಳುವವರಿಗೆ ಬಿಡಿ. ಇಷ್ಟು ಪಾಲಿಸಿದರೂ ಕೈಯಲ್ಲಿ ದುಡ್ಡು ಉಳಿಯುತ್ತದೆ.

1. ಕಾಗದ ಮೊದಲು, ಗೌಂಡಿ ಆಮೇಲೆ. ಗ್ರಾಮ ಪಂಚಾಯಿತಿ ವ್ಯಾಪ್ತಿಯ ಮನೆಯಾದರೆ ಇ-ಸ್ವತ್ತು ದಾಖಲೆ ಕೈಯಲ್ಲಿರಲಿ. ಋಣಭಾರ ಪ್ರಮಾಣಪತ್ರ ತೆಗೆಸಿ. ಹಿರಿಯರ ಆಸ್ತಿಯಾಗಿದ್ದರೆ ಮದುವೆಯಾಗಿ ಹೋದ ಅಕ್ಕ-ತಂಗಿಯರನ್ನೂ ಕೂರಿಸಿಕೊಂಡು ಮಾತಾಡಿ. 2005ರ ತಿದ್ದುಪಡಿಯ ನಂತರ ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ಅವರ ಒಪ್ಪಿಗೆಯಿಲ್ಲದೆ ಮನೆಗೆ ಎಷ್ಟು ಸುರಿದರೂ ಖರೀದಿ ಪತ್ರ ಮುಂದಕ್ಕೆ ಹೋಗುವುದಿಲ್ಲ.

2. ಎರಡು ಬೆಲೆ ಕೇಳಿ. ಇದ್ದ ಹಾಗೆ ಎಷ್ಟು, ರಿಪೇರಿಯಾದರೆ ಎಷ್ಟು ಎಂದು ವ್ಯವಹಾರ ಬಲ್ಲ ಇಬ್ಬರು ಮೂವರನ್ನು ವಿಚಾರಿಸಿ. ನಡುವಿನ ಅಂತರ ಗೌಂಡಿಯ ಅಂದಾಜಿಗಿಂತ ಚೆನ್ನಾಗಿ ಹೆಚ್ಚಿದ್ದರೆ ಮಾತ್ರ ಕೆಲಸಕ್ಕೆ ಕೈಹಾಕಿ. ಸಾಲದ ಬಡ್ಡಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಸಣ್ಣ ಊರಿನಲ್ಲಿ ಬೆಲೆ ಕಟ್ಟುವುದು ಜಾಗ, ರಸ್ತೆ, ನೀರು. ಓಣಿಯ ದರವನ್ನು ಮೀರಿ ಒಂದು ಮನೆಯಷ್ಟೇ ಏರುವುದು ಅಪರೂಪ.

3. ಮಾಳಿಗೆ ಸೋರದಿರಲಿ. ಕಲ್ಲು ಹಾಸಿದ ಮಾಳಿಗೆಯಲ್ಲಿ ನೀರು ಇಳಿಯುವುದು ಹೆಚ್ಚಾಗಿ ಸಂದುಗಳಿಂದ. ಬೇಸಿಗೆಯಲ್ಲೇ ಸಂದು ಬಿಡಿಸಿ, ತೊಳೆದು, ಹೊಸದಾಗಿ ತುಂಬಿಸಿ. ನೀರು ಹರಿದು ಹೋಗುವ ಇಳಿಜಾರು, ದೋಣಿ ನೋಡಿ. ಬಣ್ಣ ಕೊನೆಗೆ. ತೇವದ ಗೋಡೆಗೆ ಬಳಿದ ಬಣ್ಣ ಮೊದಲ ಮಳೆಗೇ ಉಬ್ಬಿ ನಿಲ್ಲುತ್ತದೆ, ಜೊತೆಗೆ ನಿಮ್ಮ ಮಾತಿನ ಮೇಲಿನ ನಂಬಿಕೆಯೂ ಹೋಗುತ್ತದೆ.

4. ಫರಸಿ ಕೀಳಬೇಡಿ. ನಮ್ಮವರು ಎಡವುವುದು ಇಲ್ಲೇ. ಶಹಾಬಾದ್ ಕಲ್ಲು ಊರ ಹೆಸರಿನಿಂದಲೇ ದೂರದೂರದವರೆಗೆ ಮಾರಾಟವಾಗುವ ಸರಕು. ಅದನ್ನು ಕಿತ್ತು ಹೊಳೆಯುವ ಟೈಲ್ಸ್ ಹಾಕಿಸುವುದು ನೋಡಿದರೆ ಹೊಟ್ಟೆ ಉರಿಯುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಸೀಮೆಯಲ್ಲಿ ಬರಿಗಾಲಿಗೆ ತಂಪು ಕೊಡುವ ನೆಲ ಅದು. ಸವೆದಿದ್ದರೆ ಪಾಲಿಶ್ ಮಾಡಿಸಿ, ಒಡೆದ ಒಂದೆರಡು ಹಾಸು ಬದಲಿಸಿ. ಆದರೆ ಕಲೆ ತೆಗೆಯಲೆಂದು ಆ್ಯಸಿಡ್ ಸುರಿಯಲೇಬೇಡಿ. ಇದು ಸುಣ್ಣದ ಕಲ್ಲು, ಆ್ಯಸಿಡ್ ಬಿದ್ದರೆ ನೊರೆಯೆದ್ದು ಮೈ ತಿಂದುಹೋಗುತ್ತದೆ. ಸಾದಾ ಸೋಪಿನ ನೀರು, ಗಟ್ಟಿ ಬ್ರಷ್ ಸಾಕು.

5. ಬಿರುಕನ್ನು ಮುಚ್ಚಿಡಬೇಡಿ. ಎರೆ ಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗುತ್ತದೆ, ಗೋಡೆ ಸೀಳುತ್ತದೆ. ಬಿರುಕಿನ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆಯಿರಿ. ಬೆಳೆಯುತ್ತಿದ್ದರೆ ಎಂಜಿನಿಯರ್‌ಗೆ ತೋರಿಸಿ, ಕೊಳ್ಳುವವರಿಗೂ ಹೇಳಿ.

6. ತೊಟ್ಟಿಕ್ಕುವ ನಲ್ಲಿ, ಸಡಿಲ ಸ್ವಿಚ್, ಮುಚ್ಚದ ಬಾಗಿಲು: ಇವನ್ನು ಇವತ್ತೇ ಸರಿಮಾಡಿಸಿ.

7. ಗೋಡೆಯೇ ವಾಲಿದ್ದರೆ ರಿಪೇರಿ ಬೇಡ. ಕೊಳ್ಳುವವರು ಹೇಗೂ ಕೆಡವಿ ಕಟ್ಟುತ್ತಾರೆ. ಜಾಗದ ಬೆಲೆ ಜೊತೆಗೆ ಕಲ್ಲು, ಕಟ್ಟಿಗೆಯ ಬೆಲೆ ಕೇಳಿ ಮಾರಿಬಿಡಿ.

8. ಬಿಲ್ಲು ಎಸೆಯಬೇಡಿ. ಹೊಸ ಕೋಣೆ, ಹೊಸ ಛಾವಣಿಯಂಥ ಖರ್ಚನ್ನು ಬಂಡವಾಳ ಲಾಭದ ತೆರಿಗೆ ಲೆಕ್ಕದಲ್ಲಿ ಕಳೆಯಬಹುದು. ಸುಣ್ಣ-ಬಣ್ಣಕ್ಕೆ ಆ ಅನುಕೂಲ ಇಲ್ಲ. ಮನೆ ಮಾರಾಟದ ಮುಂಗಡವನ್ನು 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ಒಪ್ಪುವುದಿಲ್ಲ. ಬ್ಯಾಂಕ್ ಮೂಲಕವೇ ತೆಗೆದುಕೊಳ್ಳಿ.