ಪರದೇಶದಲ್ಲಿ ಮೊಬೈಲ್ ಸಂಪರ್ಕ

ಬೆಂಗಳೂರಿನಿಂದ ಹೊರಟ ವಿಮಾನವು ಫ್ರಾಂಕ್‌ಫರ್ಟಿನಲ್ಲಿ ಇಳಿದೊಡನೆ ಪ್ರಯಾಣಿಕರು ಮಾಡುವ ಮೊದಲ ಕೆಲಸವೆಂದರೆ ಮೊಬೈಲನ್ನು ಚಾಲೂ ಮಾಡುವುದು. ಸ್ವಲ್ಪ ಹೊತ್ತಿನಲ್ಲೇ ಪರದೆಯ ಮೇಲೆ ಅಪರಿಚಿತ ಕಂಪೆನಿಯೊಂದರ ಹೆಸರು ಮೂಡುತ್ತದೆ. ನಮ್ಮೂರಿನ ಅಂಗಡಿಯಲ್ಲಿ ಕೊಂಡ ಸಿಮ್ ಜರ್ಮನಿಯ ಗೋಪುರದೊಡನೆ ಸ್ನೇಹ ಬೆಳೆಸಿಬಿಟ್ಟಿರುತ್ತದೆ! ಗುರುತು ಪರಿಚಯವಿಲ್ಲದ ದೇಶದ ಯಂತ್ರವು ನಮ್ಮ ಸಿಮ್ಮನ್ನು ನಂಬುವುದಾದರೂ ಹೇಗೆ? ಆ ನಂಬಿಕೆಗೆ ಬೆಲೆ ತೆರುವವರು ಯಾರು? ಇವೆರಡನ್ನು ಅರಿತುಕೊಂಡರೆ, ಹೊರನಾಡಿಗೆ ಹೊರಡುವವರು ನಮ್ಮ ಸಿಮ್ಮಿನಲ್ಲಿಯೇ ರೋಮಿಂಗ್ ಪಡೆಯಬೇಕೆ, ಅಲ್ಲಿನ ಸಿಮ್ ಕೊಳ್ಳಬೇಕೆ, ಅಥವಾ ಇ-ಸಿಮ್ ತರಿಸಿಕೊಳ್ಳಬೇಕೆ ಎಂಬುದನ್ನು ತಾವೇ ನಿಶ್ಚಯಿಸಬಲ್ಲರು.

ಸಿಮ್ ಎಂಬುದು ಬರಿಯ ಪ್ಲಾಸ್ಟಿಕ್ ಚೂರಲ್ಲ. ಅದೊಂದು ಪುಟ್ಟ ಗಣಕ. ಅದರೊಳಗೆ ಹದಿನೈದು ಅಂಕಿಗಳವರೆಗಿನ ಒಂದು ಗುರುತಿನ ಸಂಖ್ಯೆ ಇರುತ್ತದೆ. ನಾವು ಸ್ನೇಹಿತರಿಗೆ ಹೇಳುವ ದೂರವಾಣಿ ಸಂಖ್ಯೆ ಇದಲ್ಲ. ಇದರ ಮೊದಲ ಮೂರು ಅಂಕಿಗಳು ದೇಶವನ್ನು ಸೂಚಿಸುತ್ತವೆ: ೪೦೪ ಅಥವಾ ೪೦೫ ಎಂದಿದ್ದರೆ ಭಾರತ, ೨೬೨ ಎಂದಿದ್ದರೆ ಜರ್ಮನಿ. ಅನಂತರದ ಎರಡೋ ಮೂರೋ ಅಂಕಿಗಳಿಂದ ಕಂಪೆನಿ ತಿಳಿಯುತ್ತದೆ. ಇದಲ್ಲದೆ ಸಿಮ್ಮಿನ ಗರ್ಭದಲ್ಲಿ ಒಂದು ಗುಪ್ತ ಕೀಲಿಯೂ ಉಂಟು. ಅದರ ಪ್ರತಿಯು ಲೋಕದಲ್ಲಿ ಇನ್ನೊಂದೇ ಕಡೆ, ಎಂದರೆ ಸಿಮ್ ಕೊಟ್ಟ ಕಂಪೆನಿಯ ಕೇಂದ್ರದಲ್ಲಿ, ಇರುತ್ತದೆ.

ಜರ್ಮನಿಯ ಜಾಲವು ಗುರುತಿನ ಸಂಖ್ಯೆಯನ್ನು ಓದಿ, ಭಾರತದ ಕಂಪೆನಿಯನ್ನು ವಿಚಾರಿಸುತ್ತದೆ. ಅಲ್ಲಿಂದ ಬರುವ ಉತ್ತರದಲ್ಲಿ ಕೀಲಿ ಇರುವುದಿಲ್ಲ. ಯಾದೃಚ್ಛಿಕವಾದ ಒಂದು ದೊಡ್ಡ ಸಂಖ್ಯೆಯೂ, ಆ ಸಂಖ್ಯೆಯನ್ನು ಕೀಲಿಯೊಡನೆ ಬೆರೆಸಿ ಲೆಕ್ಕ ಮಾಡಿದರೆ ಸಿಗಬೇಕಾದ ಫಲವೂ ಇರುತ್ತವೆ. ಜರ್ಮನಿಯ ಜಾಲವು ಸಂಖ್ಯೆಯನ್ನು ಮಾತ್ರ ನಮ್ಮ ಸಿಮ್ಮಿಗೆ ಒಡ್ಡುತ್ತದೆ. ಸಿಮ್ ತನ್ನೊಳಗೇ ಲೆಕ್ಕ ಮಾಡಿ ಫಲವನ್ನು ಹೇಳುತ್ತದೆ. ಎರಡೂ ತಾಳೆಯಾದರೆ ಬಾಗಿಲು ತೆರೆಯಿತು. ಕೀಲಿಯನ್ನು ತೋರಿಸದೆಯೇ ಕೀಲಿ ತನ್ನಲ್ಲಿದೆಯೆಂದು ಸಾಧಿಸುವ ಈ ಉಪಾಯ ನಿಜಕ್ಕೂ ಸೊಗಸಾದುದು. ಫಿನ್ಲೆಂಡಿನಲ್ಲಿ ೧೯೯೧ರಲ್ಲಿ ಜಿ.ಎಸ್.ಎಂ. ಪದ್ಧತಿಯ ಮೊದಲ ಕರೆ ನಡೆಯಿತು. ಮರುವರ್ಷವೇ ಫಿನ್ಲೆಂಡಿನ ಮತ್ತು ಬ್ರಿಟನ್ನಿನ ಕಂಪೆನಿಗಳು ಪರಸ್ಪರರ ಗಿರಾಕಿಗಳಿಗೆ ಸೇವೆ ಸಲ್ಲಿಸುವ ಮೊದಲ ರೋಮಿಂಗ್ ಒಪ್ಪಂದಕ್ಕೆ ಸಹಿ ಹಾಕಿದವು.

ಗುರುತು ಸ್ಥಿರಪಟ್ಟಿತು. ಆದರೆ ಅಂತರಜಾಲದ ಮಾಹಿತಿ ಯಾವ ದಾರಿಯಲ್ಲಿ ಸಾಗುತ್ತದೆ? ಇಲ್ಲಿದೆ ಸ್ವಾರಸ್ಯ. ನೆಂಟರ ಊರಿನಲ್ಲಿ ತಂಗಿರುವವನೊಬ್ಬನು ಪಕ್ಕದ ಮನೆಯವರಿಗೆ ಬರೆದ ಕಾಗದವೂ ಮೊದಲು ತನ್ನ ಸ್ವಂತ ಊರಿನ ಅಂಚೆ ಕಚೇರಿಗೆ ಹೋಗಿ, ಅಲ್ಲಿ ಮುದ್ರೆ ಒತ್ತಿಸಿಕೊಂಡು ಹಿಂದಿರುಗಬೇಕೆಂದು ಕಟ್ಟಳೆ ಇದ್ದರೆ ಹೇಗಿರುತ್ತದೆ? ರೋಮಿಂಗಿನಲ್ಲಿ ಸಾಮಾನ್ಯವಾಗಿ ನಡೆಯುವುದು ಹೀಗೆಯೇ. ಮಗನ ಮನೆಗೆಂದು ಕ್ಯಾಲಿಫೋರ್ನಿಯಕ್ಕೆ ಹೋದ ತಂದೆ, ಭಾರತದ ಸಿಮ್ಮಿನಿಂದ, ಅದೇ ಊರಿನಲ್ಲಿರುವ ಗಣಕದಿಂದ ಒಂದು ಪುಟವನ್ನು ಕೇಳಿದರೆಂದು ಭಾವಿಸೋಣ. ಕೋರಿಕೆಯು ಭಾರತಕ್ಕೆ ಬಂದು ಮತ್ತೆ ಕ್ಯಾಲಿಫೋರ್ನಿಯಕ್ಕೆ ಹೋಗುತ್ತದೆ. ಉತ್ತರವೂ ಅದೇ ಸುತ್ತುದಾರಿಯಲ್ಲಿ ಬರುತ್ತದೆ. ಬೆಂಗಳೂರಿಗೂ ಸಾನ್ ಫ್ರಾನ್ಸಿಸ್ಕೊಗೂ ನಡುವೆ ಸುಮಾರು ೧೪,೦೦೦ ಕಿಲೊಮೀಟರು. ನಾಲ್ಕು ಸಲ ದಾಟಿದರೆ ೫೬,೦೦೦. ಗಾಜಿನ ತಂತುವಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೊಮೀಟರಷ್ಟೆ. ಆದುದರಿಂದ ಒಂದು ಪ್ರಶ್ನೋತ್ತರಕ್ಕೆ ೦.೨೮ ಸೆಕೆಂಡು ಬೇಕೇ ಬೇಕು. ಸಮುದ್ರದಡಿಯ ತಂತಿಗಳು ನೇರವಾಗಿ ಸಾಗದ ಕಾರಣ ವಾಸ್ತವದಲ್ಲಿ ಇನ್ನೂ ಹೆಚ್ಚು. ಒಂದು ಪುಟ ತೆರೆಯಲು ಇಂತಹ ಹತ್ತು ಪ್ರಶ್ನೋತ್ತರಗಳು ಒಂದರ ಹಿಂದೊಂದು ನಡೆದರೆ ಮೂರು ಸೆಕೆಂಡು ಕಳೆದಂತೆಯೇ. "ಅಮೆರಿಕದ ನೆಟ್ ನಿಧಾನ" ಎಂದು ದೂರುವವರು ಅನೇಕ ವೇಳೆ ದೂರುತ್ತಿರುವುದು ಭೂಮಿಯ ಗಾತ್ರವನ್ನು.

ಈ ಸುತ್ತುದಾರಿಗೆ ಬೇರೊಂದು ಪರಿಣಾಮವೂ ಉಂಟು. ಜಗತ್ತಿನ ಕಣ್ಣಿಗೆ ಆ ಪ್ರಯಾಣಿಕರು ಭಾರತದಲ್ಲಿಯೇ ಇರುವಂತೆ ತೋರುತ್ತಾರೆ. ಭಾರತದಲ್ಲಿ ಮಾತ್ರ ತೆರೆಯುವ ಕೆಲವು ತಾಣಗಳು ಇದರಿಂದಲೇ ಅಲ್ಲಿಯೂ ತೆರೆಯುತ್ತವೆ. ಇದಕ್ಕೆ ಪ್ರತಿಯಾಗಿ, ಪ್ರವಾಸಿಗರಿಗೆಂದು ಮಾರುವ ಕೆಲವು ಇ-ಸಿಮ್‌ಗಳು ಮೂರನೆಯ ಯಾವುದೋ ದೇಶದ ಕಂಪೆನಿಗೆ ಸೇರಿರುತ್ತವೆ. ಪ್ಯಾರಿಸಿನಲ್ಲಿ ಕುಳಿತವರನ್ನು ತಾಣಗಳು ಸಿಂಗಪುರದವರೆಂದು ಎಣಿಸಬಹುದು.

ಇನ್ನು ಬೆಲೆಯ ವಿಚಾರ. ರೋಮಿಂಗಿನಲ್ಲಿ ಅಲ್ಲಿನ ಕಂಪೆನಿಯು ನಮ್ಮ ಕಂಪೆನಿಯಿಂದ ಸಗಟು ದರವನ್ನು ವಸೂಲು ಮಾಡುತ್ತದೆ. ನಮ್ಮ ಕಂಪೆನಿಯು ಅದಕ್ಕೆ ತನ್ನ ಪಾಲನ್ನು ಸೇರಿಸಿ ನಮ್ಮಿಂದ ಪಡೆಯುತ್ತದೆ. ದರವು ದೂರವನ್ನಲ್ಲ, ಒಪ್ಪಂದವನ್ನು ಅವಲಂಬಿಸಿದೆ. ಯೂರೋಪ್ ಒಕ್ಕೂಟವೇ ಇದಕ್ಕೆ ಸಾಕ್ಷಿ. ತನ್ನ ಸದಸ್ಯ ದೇಶಗಳ ಸಿಮ್‌ಗಳಿಗೆ ೨೦೧೭ರ ಜೂನ್ ೧೫ರಿಂದ ಒಕ್ಕೂಟದೊಳಗೆ ಹೆಚ್ಚುವರಿ ರೋಮಿಂಗ್ ಶುಲ್ಕವನ್ನು ಅದು ತೆಗೆದುಹಾಕಿತು. ಈ ಏರ್ಪಾಡನ್ನು ೨೦೨೨ರಲ್ಲಿ ಇನ್ನೂ ಹತ್ತು ವರ್ಷಗಳಿಗೆ ವಿಸ್ತರಿಸಿತು. ಆದುದರಿಂದ ಜರ್ಮನಿಯಲ್ಲಿ ಕೊಂಡ ಸಿಮ್ ಫ್ರಾನ್ಸ್, ಇಟಲಿಗಳಲ್ಲಿಯೂ ಸಲ್ಲುತ್ತದೆ. ಆದರೆ ನಮ್ಮ ಪ್ರವಾಸಿಗರು ಹಂಬಲಿಸಿ ನೋಡಹೋಗುವ ಸ್ವಿಟ್ಜರ್ಲೆಂಡ್ ಈ ಒಕ್ಕೂಟದಲ್ಲಿಲ್ಲ. ಬ್ರಿಟನ್ನೂ ಈಗ ಇಲ್ಲ. ಕೆಲವು ಕಂಪೆನಿಗಳು ತಾವಾಗಿಯೇ ಈ ದೇಶಗಳನ್ನು ಸೇರಿಸಿಕೊಳ್ಳುವುದುಂಟು, ಕೆಲವು ಇಲ್ಲ. "ಯೂರೋಪ್" ಎಂದು ದೊಡ್ಡ ಅಕ್ಷರದಲ್ಲಿ ಬರೆದಿದ್ದರೂ ಕೆಳಗಿನ ಸಣ್ಣಕ್ಷರದ ದೇಶಪಟ್ಟಿಯನ್ನು ಓದಿಯೇ ಹಣ ಕೊಡಬೇಕು.

ಸಿಮ್ ಸರಿಯಿದ್ದರೂ ಉಪಕರಣ ಒಪ್ಪದಿರಬಹುದು. ಒಂದೊಂದು ದೇಶವೂ ರೇಡಿಯೊ ಅಲೆಗಳ ಬೇರೆ ಬೇರೆ ಪಟ್ಟಿಗಳನ್ನು ಮೊಬೈಲ್ ಸೇವೆಗೆ ಹಂಚಿದೆ. ಅಮೆರಿಕದ ಹಳ್ಳಿಗಾಡನ್ನು ಮುಟ್ಟುವ ೬೦೦ ಮೆಗಾಹರ್ಟ್ಸಿನ ಅಲೆಗಳನ್ನು ಭಾರತದಲ್ಲಿ ಮಾರುವ ಎಲ್ಲ ಮೊಬೈಲುಗಳೂ ಹಿಡಿಯಲಾರವು. ಅಲ್ಲದೆ ಅಲ್ಲಿನ ಮುಖ್ಯ ಕಂಪೆನಿಗಳು ೨೦೨೨ರಲ್ಲಿ ಮೂರನೆಯ ಪೀಳಿಗೆಯ ಜಾಲವನ್ನು ಮುಚ್ಚಿದವು. ಮಾತಿನ ಕರೆಯೂ ಈಗ ನಾಲ್ಕನೆಯ ಪೀಳಿಗೆಯ ಜಾಲದಲ್ಲೇ ಸಾಗಬೇಕು. ಅದಕ್ಕೆ ತಾನು ಒಪ್ಪಿದ ಮಾದರಿಗಳಿಗೆ ಮಾತ್ರ ಅವಕಾಶ ಕೊಡುವ ಕಂಪೆನಿಯೂ ಇದೆ. ಅಂತರಜಾಲ ಬರುತ್ತದೆ, ಕರೆ ಹೋಗುವುದಿಲ್ಲ ಎಂಬ ವಿಚಿತ್ರ ಸ್ಥಿತಿಗೆ ಇದು ಒಂದು ಕಾರಣ. ಮಗನೋ ಮಗಳೋ ಅಲ್ಲಿಯೇ ಇದ್ದರೆ, ಮೊಬೈಲಿನ ಮಾದರಿಯ ಹೆಸರನ್ನು ಮೊದಲೇ ಅವರಿಗೆ ತಿಳಿಸಿ ವಿಚಾರಿಸುವುದು ಲೇಸು.

ಇ-ಸಿಮ್‌ನಲ್ಲಿ ಪ್ಲಾಸ್ಟಿಕ್ ಚೂರೇ ಇಲ್ಲ. ಗುರುತಿನ ಸಂಖ್ಯೆಯೂ ಕೀಲಿಯೂ ಅಂತರಜಾಲದ ಮೂಲಕ ಬಂದು ಮೊಬೈಲಿನೊಳಗಿನ ಚಿಪ್ಪಿನಲ್ಲಿ ನೆಲೆಸುತ್ತವೆ. ಅದನ್ನು ಇಳಿಸಿಕೊಳ್ಳುವುದಕ್ಕೇ ಅಂತರಜಾಲ ಬೇಕಾದುದರಿಂದ, ಮನೆಯಲ್ಲಿರುವಾಗಲೇ ಆ ಕೆಲಸ ಮುಗಿಸಬೇಕು. ಒಮ್ಮೆ ಅಳಿಸಿದರೆ ಅದೇ ಸಂಕೇತಚಿತ್ರದಿಂದ ಮತ್ತೆ ಪಡೆಯಲು ಬಹುಮಟ್ಟಿಗೆ ಆಗುವುದಿಲ್ಲ. ಅವಧಿಯ ಎಣಿಕೆ ಇಳಿಸಿಕೊಂಡ ದಿನದಿಂದಲೋ, ಪರದೇಶದ ಜಾಲಕ್ಕೆ ಸೇರಿದ ದಿನದಿಂದಲೋ ಎಂಬುದನ್ನೂ ಕೇಳಿಕೊಳ್ಳಬೇಕು. ಪ್ರವಾಸಿ ಇ-ಸಿಮ್‌ಗಳಲ್ಲಿ ಹೆಚ್ಚಿನವಕ್ಕೆ ದೂರವಾಣಿ ಸಂಖ್ಯೆಯೇ ಇರುವುದಿಲ್ಲ; ಅಂತರಜಾಲ ಮಾತ್ರ.

ಹಾಗಾದರೆ ಎಷ್ಟು ಮಾಹಿತಿ ಬೇಕಾದೀತು? ಅಂತರಜಾಲದ ಮೂಲಕ ಆಡುವ ಮಾತಿಗೆ ಒಂದೊಂದು ದಿಕ್ಕಿಗೂ ಸೆಕೆಂಡಿಗೆ ಸುಮಾರು ೨೪ ಕಿಲೊಬಿಟ್ ಎಂದಿಟ್ಟುಕೊಂಡರೆ ಗಂಟೆಗೆ ೨೨ ಮೆಗಾಬೈಟಿನಷ್ಟಾಗುತ್ತದೆ. ವಿಳಾಸ ಹೊತ್ತ ಲಕೋಟೆಗಳ ತೂಕವೂ ಸೇರಿ ಅದು ಇಮ್ಮಡಿಯಾದರೂ ಅಲ್ಪವೇ. ಸೆಕೆಂಡಿಗೆ ೫ ಮೆಗಾಬಿಟ್ಟಿನ ಚಲನಚಿತ್ರವಾದರೋ ಗಂಟೆಗೆ ೨,೨೫೦ ಮೆಗಾಬೈಟನ್ನು ನುಂಗುತ್ತದೆ. ಚಿತ್ರವನ್ನು ಹೋಟೆಲಿನ ವೈ-ಫೈಗೆ ಬಿಟ್ಟವರಿಗೆ ಸಣ್ಣ ಯೋಜನೆಯೇ ಸಾಕು. ದಾರಿ ತೋರುವ ಕೆಲಸಕ್ಕಂತೂ ಜಾಲವೇ ಬೇಕೆಂದಿಲ್ಲ. ಜಿ.ಪಿ.ಎಸ್. ಉಪಗ್ರಹಗಳು ೨೦,೨೦೦ ಕಿಲೊಮೀಟರು ಎತ್ತರದಿಂದ ಎಲ್ಲರಿಗೂ ಪುಕ್ಕಟೆಯಾಗಿ ಸಂಕೇತ ಬೀರುತ್ತಿವೆ. ಮೊಬೈಲ್ ಅದನ್ನು ಕೇಳಿಸಿಕೊಂಡರೆ ಸಾಕು. ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಂಡಿರಬೇಕು, ಅಷ್ಟೆ. ಜಾಲದ ನೆರವಿಲ್ಲದಿದ್ದಾಗ ಮೊದಲ ಸಲ ಸ್ಥಾನ ಗುರುತಿಸುವುದು ತುಸು ತಡವಾಗುತ್ತದೆ. ಉಪಗ್ರಹವು ಸೆಕೆಂಡಿಗೆ ೫೦ ಬಿಟ್‌ನಂತೆ ಬಲು ಸಾವಧಾನವಾಗಿ ತನ್ನ ಪಥದ ವಿವರವನ್ನು ಹೇಳುವುದೇ ಇದಕ್ಕೆ ಕಾರಣ.

ಹೀಗೆ ಇ-ಸಿಮ್ಮೋ ಅಲ್ಲಿನ ಸಿಮ್ಮೋ ಅಗ್ಗವೂ ವೇಗವೂ ಆಗಿದ್ದರೂ, ಭಾರತದ ಸಿಮ್ಮನ್ನು ಕಳಚಿ ಪೆಟ್ಟಿಗೆಯಲ್ಲಿಡುವುದನ್ನು ನಾನು ಒಪ್ಪಲಾರೆ. ಬ್ಯಾಂಕಿನ ಗುಪ್ತಸಂಖ್ಯೆ ಬರುವುದು ಆ ಸಂಖ್ಯೆಗೆ. ಎರಡು ಸಿಮ್ ಹಿಡಿಯುವ ಮೊಬೈಲಿನಲ್ಲಿ ಭಾರತದ್ದನ್ನು ಕಿರುಸಂದೇಶಕ್ಕಾಗಿ ಎಚ್ಚರವಾಗಿಟ್ಟು, ಅದರ ಡೇಟಾ ರೋಮಿಂಗನ್ನು ಮಾತ್ರ ನಿಲ್ಲಿಸಿ, ಅಂತರಜಾಲವನ್ನು ಇನ್ನೊಂದರಿಂದ ಪಡೆಯಬಹುದು. ಇದಕ್ಕೆ ಅಂತರರಾಷ್ಟ್ರೀಯ ರೋಮಿಂಗ್ ಸೌಲಭ್ಯವನ್ನು ಹೊರಡುವ ಮುನ್ನವೇ ತೆರೆಸಿ, ಒಳಬರುವ ಸಂದೇಶಕ್ಕೆ ಶುಲ್ಕವುಂಟೆ ಎಂದು ವಿಚಾರಿಸಿರಬೇಕು. ವಾರದ ಪ್ರವಾಸಕ್ಕೆ, ಕರೆಗಳೂ ಮುಖ್ಯವಾದವರಿಗೆ, ಭಾರತದ ಕಂಪೆನಿಯ ರೋಮಿಂಗ್ ಪ್ಯಾಕ್ ಒಂದೇ ಸಾಕಾಗಬಹುದು. ಬಾಣಂತನಕ್ಕೋ ಮೊಮ್ಮಗುವಿನ ಆರೈಕೆಗೋ ಆರು ತಿಂಗಳು ನಿಲ್ಲುವವರಿಗೆ ಅಲ್ಲಿನ ಸಿಮ್ಮೇ ಮೇಲು. ಸ್ಥಳೀಯ ಸಂಖ್ಯೆಯೂ ದೊರೆಯುತ್ತದೆ. ಆದರೆ ಆ ಆರು ತಿಂಗಳು ಭಾರತದ ಸಂಖ್ಯೆಗೆ ರೀಚಾರ್ಜ್ ಮಾಡಿಸದೆ ಮರೆತರೆ, ಕಂಪೆನಿ ಅದನ್ನು ರದ್ದುಪಡಿಸಿ ಕೆಲಕಾಲದ ಅನಂತರ ಬೇರೊಬ್ಬರಿಗೆ ಕೊಡಬಹುದು. ಆಗ ಪಿಂಚಣಿಯ ಖಾತೆಯ ಸಂದೇಶಗಳು ಮೈಸೂರಿನಲ್ಲೋ ಮೀರತ್ತಿನಲ್ಲೋ ಇರುವ ಅಪರಿಚಿತರ ಜೇಬಿನಲ್ಲಿ ಸದ್ದು ಮಾಡುತ್ತವೆ. ಊರಿನಲ್ಲಿ ಉಳಿದ ತಮ್ಮನಿಗೋ ತಂಗಿಗೋ ಆ ಸಂಖ್ಯೆಯನ್ನೂ ರೀಚಾರ್ಜಿನ ತಾರೀಖನ್ನೂ ಕ್ಯಾಲೆಂಡರಿನ ಮೇಲೆ ಬರೆದುಕೊಟ್ಟು ಹೊರಡಬೇಕು.