ಮೋಟರಿನ ದುಡ್ಡು ಬಂತು, ಖರ್ಚಿನದು ಯಾರು ಕೊಡಬೇಕು?

ಗೋಕಾಕದ ಅಂಗಡಿಯಲ್ಲಿ 28,500 ರೂಪಾಯಿ ಹೇಳಿದ 5 ಎಚ್‌ಪಿ ಸಬ್‌ಮರ್ಸಿಬಲ್ ಮೋಟರ್ ಆನ್‌ಲೈನ್‌ನಲ್ಲಿ 24,800ಕ್ಕೆ ಸಿಕ್ಕಿತು. ಮೇಲವಂಕಿಯ ನಮ್ಮ ಕಬ್ಬಿನ ಹೊಲದ ಬೋರಿಗೆ ಅದನ್ನೇ ಇಳಿಸಿದೆವು. ರಿಟರ್ನ್ ಅವಧಿ ಮುಗಿದ ಮರುವಾರವೇ ನೀರು ನಿಂತಿತು. ಎತ್ತಿಸಿ ಗೋಕಾಕಕ್ಕೆ ಒಯ್ದೆವು. ವೈಂಡಿಂಗ್ ಮಾಡುವ ಹುಡುಗ ಸುಟ್ಟ ಕಾಯಿಲಿನ ಒಂದು ಎಳೆ ಕತ್ತರಿಸಿ, ಮೇಲಿನ ಲೇಪವನ್ನು ಬ್ಲೇಡಿನಿಂದ ಕೆರೆದ. ಒಳಗೆ ಬೆಳ್ಳಗಿತ್ತು. “ಇದು ತಾಮ್ರ ಅಲ್ರಿ ಕಾಕಾ, ಅಲ್ಯುಮಿನಂ ಐತಿ” ಎಂದ. ಜಾಹೀರಾತಿನಲ್ಲಿದ್ದದ್ದು ನೂರಕ್ಕೆ ನೂರು ತಾಮ್ರ. ಕೆರೆದದ್ದನ್ನೆಲ್ಲ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡೆ.

ಗುಜರಾತಿನ ಮಾರಾಟಗಾರ ಮೂರು ಮಾತು ಹೇಳಿದ. ರಿಟರ್ನ್ ಅವಧಿ ಮುಗಿದಿದೆ; ಬೋರಿಗೆ ಇಳಿಸಿದ್ದು ವಾಪಸಿಲ್ಲ; ಹೊಲಕ್ಕೆ ಕೊಂಡವರು ಗ್ರಾಹಕರೇ ಅಲ್ಲ. ಮೂರೂ ನಿಲ್ಲುವ ಮಾತಲ್ಲ. ದೋಷವಿರುವ, ಅಥವಾ ಜಾಹೀರಾತಿನಲ್ಲಿ ಹೇಳಿದಂತಿಲ್ಲದ ಮಾಲನ್ನು ವಾಪಸ್ ಪಡೆಯಲು ನಿರಾಕರಿಸುವಂತಿಲ್ಲ ಎಂದು 2020ರ ಇ-ಕಾಮರ್ಸ್ ನಿಯಮಗಳೇ ಹೇಳುತ್ತವೆ. ದೂರು ಕೊಡಲು ಕಾನೂನಿನಲ್ಲಿ ಎರಡು ವರ್ಷ ಕಾಲಾವಕಾಶವಿದೆ. ಕಳಪೆ ಬೀಜದ ಪ್ರಕರಣವೊಂದರಲ್ಲಿ ರೈತರೂ ಗ್ರಾಹಕರೇ ಎಂದು ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದೆ.

ಇದಿಷ್ಟನ್ನೂ ಬರೆದು ಮೋಟರ್ ಕೊಂಡ ಆನ್‌ಲೈನ್ ವೇದಿಕೆಯ ಕುಂದುಕೊರತೆ ಅಧಿಕಾರಿಗೆ ಕಳಿಸಿದೆ. ದೂರು ತಲುಪಿತೆಂದು ಆ ಅಧಿಕಾರಿ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಜೊತೆಗೆ 1915ಕ್ಕೆ ಫೋನ್ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲೂ ದೂರು ದಾಖಲಿಸಿದೆ. ವೇದಿಕೆಯವರು ಮೊದಲು ಬೇರೆ ಮೋಟರ್ ಕೊಡುತ್ತೇವೆ ಎಂದರು, ಆಮೇಲೆ ವ್ಯಾಲೆಟ್‌ಗೆ ಹಾಕುತ್ತೇವೆ ಎಂದರು. ಎರಡೂ ಬೇಡ ಎಂದೆ. ಕೊನೆಗೆ 24,800 ಬ್ಯಾಂಕ್ ಖಾತೆಗೇ ಬಂತು.

ದುಡ್ಡು ಬಂತಲ್ಲ, ಇನ್ನೇನು ಅನ್ನುವವರು ಈ ಲೆಕ್ಕ ನೋಡಬೇಕು. ಮೋಟರ್ ಎತ್ತಿದ ಕೂಲಿ 2,000. ಹೊಸದನ್ನು ಮತ್ತೆ ಇಳಿಸಿದ್ದು 2,000. ಕೇಬಲ್ ಜಾಯಿಂಟ್ 400. ಗೋಕಾಕಕ್ಕೆ ಹೋಗಿ ಬರುವ ಟೆಂಪೋ 800. ಕಬ್ಬು ಒಣಗಬಾರದೆಂದು ಪಕ್ಕದ ಹೊಲದವರಿಂದ ಕೊಂಡ ನೀರಿಗೆ 3,000. ಒಟ್ಟು 8,200. ಆನ್‌ಲೈನ್‌ನಲ್ಲಿ ಉಳಿಯಬೇಕಿದ್ದದ್ದು 3,700. ಆ ಉಳಿತಾಯವೂ ದಕ್ಕಲಿಲ್ಲ. ಬದಲಿ ಮೋಟರನ್ನು 28,500 ಕೊಟ್ಟು ಗೋಕಾಕದಲ್ಲೇ ತಂದೆವು. ಪೂರ್ತಿ ರೀಫಂಡ್ ಸಿಕ್ಕ ಮೇಲೂ ಕೈಯಿಂದ ಹೋದದ್ದು 8,200.

ಈ ದುಡ್ಡನ್ನೂ ಕೇಳುವ ಹಕ್ಕು ನಮಗಿದೆ. ಹಳೆಯ 1986ರ ಕಾಯ್ದೆಯಲ್ಲಿ ಮಾರಾಟಗಾರನ ಊರಿಗೆ ಅಲೆಯುವ ಭಯವಿತ್ತು. 2019ರ ಕಾಯ್ದೆಯಂತೆ ನಾವಿರುವ ಜಿಲ್ಲೆಯಲ್ಲೇ, ಅಂದರೆ ಬೆಳಗಾವಿಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಸಲ್ಲಿಸಬಹುದು. 5 ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ, ವಿಡಿಯೊ ಮೂಲಕ ವಿಚಾರಣೆ ಕೇಳಲೂ ಅವಕಾಶವಿದೆ. ನಾನು ದೂರು ಕೊಡುವವನೇ.

ಇನ್ನು ಕೊಳ್ಳುವಾಗ 1,299ಕ್ಕೆ ತಗುಲಿಸುವ ಆ ‘ಎಕ್ಸ್‌ಟೆಂಡೆಡ್ ವಾರಂಟಿ’. ವೋಲ್ಟೇಜ್ ಏರಿಳಿದು ಸುಟ್ಟರೆ ಇಲ್ಲ, ಮೋಟರ್ ಬಿಚ್ಚಿದ್ದರೆ ಇಲ್ಲ, ಎತ್ತಿಳಿಸುವ ಖರ್ಚು ಇಲ್ಲ. ನಮ್ಮ ಕಡೆ ಮೋಟರ್ ಸುಡುವುದೇ ವೋಲ್ಟೇಜಿನಿಂದ! ಮತ್ತೆ ಯಾವುದಕ್ಕೆ ಆ ವಾರಂಟಿ? ಕಾನೂನು ಪುಕ್ಕಟೆಯಾಗಿ ಕೊಟ್ಟಿರುವ ಹಕ್ಕಿಗೆ ಬೆಲೆ ಕಟ್ಟಿ ಮಾರುವ ಇಂಥದ್ದನ್ನು ದಯವಿಟ್ಟು ಕೊಳ್ಳಬೇಡಿ.

ನಮ್ಮ ದೊಡ್ಡ ನಷ್ಟ ಬಿಲ್ಲು ಕೇಳದ ಸಂಕೋಚ. ಪರಿಚಯದವರು, ಚೀಟಿ ಹೇಗೆ ಕೇಳುವುದು ಎಂದು ಸುಮ್ಮನಾಗುತ್ತೇವೆ. ಆಯೋಗದ ಮುಂದೆ ಬಾಯಿಮಾತಿಗಿಂತ ಕಾಗದಕ್ಕೆ ಬೆಲೆ. ಮೋಟರ್ ಎತ್ತುವವರಿಂದ ಸಹಿ ಮಾಡಿದ ಚೀಟಿ ಪಡೆಯಿರಿ, ಟೆಂಪೋದವರಿಗೆ ಫೋನ್‌ಪೇಯಲ್ಲೇ ಕೊಡಿ, ಬಾಕ್ಸ್ ಬಿಚ್ಚುವಾಗಲೇ ನೇಮ್‌ಪ್ಲೇಟಿನ ಫೋಟೊ ತೆಗೆಯಿರಿ, ಜಾಹೀರಾತಿನ ಪುಟವನ್ನು ಕೊಂಡ ದಿನವೇ ಸ್ಕ್ರೀನ್‌ಶಾಟ್ ಮಾಡಿಡಿ. ಮಾರಾಟಗಾರ ಆ ಪುಟವನ್ನು ಯಾವಾಗ ಬೇಕಾದರೂ ಬದಲಿಸಬಲ್ಲ.