ಲಾಗ್ ಎಲ್ಲಿಗೆ ಬೇಕು?

"ಸರ್, ಲಾಗ್ ಪರೀಕ್ಷೆಗೆ ಮಾತ್ರ ತಾನೆ?" ದ್ವಿತೀಯ ಪಿಯುಸಿಯ ಒಬ್ಬ ವಿದ್ಯಾರ್ಥಿ ಕೇಳಿದ. ಅಷ್ಟರಲ್ಲಿ ಗಂಟೆ ಬಾರಿಸಿತು. ಉಳಿದುಹೋದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

1911ರಲ್ಲಿ ಕ್ಯಾಮರ್ಲಿಂಗ್ ಓನ್ಸ್ ಪಾದರಸವನ್ನು ಸುಮಾರು 4.2 ಕೆಲ್ವಿನ್‌ಗೆ ತಣಿಸಿದಾಗ ಅದರ ವಿದ್ಯುತ್ ರೋಧ ಮಾಯವಾಯಿತು. ಇದೇ ಅತಿವಾಹಕತೆ. ಆದರೆ ಕೆಲವೇ ನ್ಯಾನೋಮೀಟರ್ ದಪ್ಪದ ಪದರದಲ್ಲಿ ಕಥೆ ಬೇರೆ. ಅಲ್ಲಿ ಶಾಖದಿಂದ ಪುಟ್ಟ ಪ್ರವಾಹದ ಸುಳಿಗಳು ಹುಟ್ಟುತ್ತವೆ. ಕೆಲವು ಎಡಕ್ಕೆ, ಕೆಲವು ಬಲಕ್ಕೆ ತಿರುಗುತ್ತವೆ. ಎಡ-ಬಲ ಸುಳಿಗಳು ಜೋಡಿಯಾಗಿದ್ದರೆ ರೋಧವಿಲ್ಲ. ಕೆ. ಆರ್. ಮಾರುಕಟ್ಟೆಯ ಜನಜಂಗುಳಿಯಲ್ಲಿ ಗೆಳೆಯರ ಕೈ ಬಿಟ್ಟುಹೋಗುವಂತೆ, ತಾಪ ಹೆಚ್ಚಿದಾಗ ಜೋಡಿ ಬಿಡುತ್ತದೆ, ರೋಧ ಮರಳುತ್ತದೆ.

ಯಾವ ತಾಪದಲ್ಲಿ? ಪದರದ ಅಗಲ ಆರ್, ಸುಳಿಯ ತಿರುಳಿನ ಅಗಲ ಎ ಎನ್ನೋಣ. ಸುಳಿಯ ವೇಗ ದೂರಕ್ಕೆ ವಿಲೋಮವಾಗಿ ಇಳಿಯುತ್ತದೆ. ವೇಗದ ವರ್ಗವನ್ನು ಉಂಗುರ ಉಂಗುರವಾಗಿ ಸಮಾಕಲನ ಮಾಡಿದರೆ ಶಕ್ತಿ ಸಿಗುತ್ತದೆ: ಪೈ × ಜೆ × ಲಾಗ್(ಆರ್/ಎ). ಇಲ್ಲಿ ಜೆ ಎಂದರೆ ಪದರದ ಬಿಗಿತ. ಸುಳಿ ಕೂರಬಹುದಾದ ಜಾಗಗಳು (ಆರ್/ಎ)ಯ ವರ್ಗದಷ್ಟು. ಆದ್ದರಿಂದ ಎಂಟ್ರೋಪಿ 2 × ಕೆ × ಲಾಗ್(ಆರ್/ಎ). ಶಕ್ತಿಯಿಂದ ತಾಪ ಗುಣಿಸಿದ ಎಂಟ್ರೋಪಿಯನ್ನು ಕಳೆಯಿರಿ:

(ಪೈ × ಜೆ − 2 × ಕೆ × ಟಿ) × ಲಾಗ್(ಆರ್/ಎ)

ಆವರಣದೊಳಗಿನದು ಸೊನ್ನೆಯಾಗುವ ತಾಪವೇ ಗಡಿ. ಅದರ ಮೇಲೆ ಒಂಟಿ ಸುಳಿಗಳು ಅಲೆಯಲಾರಂಭಿಸುತ್ತವೆ.

ಬೆರೆಜಿನ್‌ಸ್ಕಿಯ ಬಳಿಕ 1973ರಲ್ಲಿ ಕೋಸ್ಟರ್ಲಿಟ್ಜ್ ಮತ್ತು ಥೌಲೆಸ್ ಈ ವಾದ ಮುಂದಿಟ್ಟರು. ಆದರೆ ಅತಿವಾಹಕಕ್ಕೆ ಇದು ಹೊಂದದು ಎಂದೇ ಅವರು ಭಾವಿಸಿದ್ದರು: ಒಂದು ದೂರದ ಆಚೆ ಕಾಂತಕ್ಷೇತ್ರ ಸುಳಿಯ ಪ್ರವಾಹವನ್ನು ಮರೆಮಾಡುತ್ತದೆ, ಲಾಗ್ ಅಲ್ಲಿಗೇ ನಿಲ್ಲುತ್ತದೆ. 1979ರಲ್ಲಿ ಬೀಸ್ಲಿ, ಮೂಯಿ, ಒರ್ಲಾಂಡೊ ಉತ್ತರ ಕೊಟ್ಟರು. ಪದರ ತೆಳುವಾದಷ್ಟೂ ಆ ದೂರ ಹಿಗ್ಗುತ್ತದೆ. ಸಾಕಷ್ಟು ತೆಳುವಾದರೆ ಲೆಕ್ಕ ಸರಿಹೊಂದುತ್ತದೆ. 2016ರಲ್ಲಿ ಹಾಲ್ಡೇನ್ ಜೊತೆ ಕೋಸ್ಟರ್ಲಿಟ್ಜ್, ಥೌಲೆಸ್ ಅವರಿಗೆ ನೊಬೆಲ್ ಬಂತು. ಲೆಕ್ಕ ಮಾಡಿದವರಿಗೂ ಅದರ ವ್ಯಾಪ್ತಿ ಪೂರ್ತಿ ಕಂಡಿರಲಿಲ್ಲ ಎಂಬುದು ನನಗೆ ಧೈರ್ಯ ಕೊಡುವ ಮಾತು.

ತೆಳು ಪದರಗಳ ವಿಚಾರ ನಮ್ಮ ಊರಿಗೂ ಹೊಸದಲ್ಲ. 1979ರಲ್ಲೇ, ಅಶುದ್ಧತೆ ತುಂಬಿದ ಎರಡು ಆಯಾಮದ ಲೋಹಗಳ ಸಿದ್ಧಾಂತ ಬರೆದ ನಾಲ್ವರಲ್ಲಿ ಒಬ್ಬರಾದ ಟಿ. ವಿ. ರಾಮಕೃಷ್ಣನ್, ಮಲ್ಲೇಶ್ವರಂ ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದರು. ಚಾಮರಾಜಪೇಟೆಯಿಂದ ಬಸ್ಸಿನಲ್ಲಿ ಹೋಗಿಬರುವಷ್ಟೇ ದೂರ.

ಅಭ್ಯಾಸ: ಪದರದ ಅಗಲ ಇಮ್ಮಡಿಯಾದರೆ ಗಡಿ ತಾಪ ಬದಲಾಗುತ್ತದೆಯೇ? ಏಕೆ? ಉತ್ತರ ಬರೆದು ಭೌತಶಾಸ್ತ್ರ ಪ್ರಯೋಗಾಲಯಕ್ಕೆ ತನ್ನಿ. ಪ್ರಶ್ನೆ ಕೇಳಿದವನು ಮೊದಲು ಬರಲಿ.